‘ಫಮೀಲಿಯಾ’ ಅಂಕಣದಲ್ಲಿ ಏನು ಬರೆಯಬೇಕು?

ಪ್ರಶ್ನೆ: ಮಗ ವೈದ್ಯಕೀಯ ಓದಲು ರಷ್ಯಾಕ್ಕೆ ಹೊರಟಿದ್ದಾನೆ. ಅರ್ಜಿಯ ಮೊದಲ ಸಾಲಿನಲ್ಲೇ ‘ಫಮೀಲಿಯಾ’ ಎಂದಿದೆ. ಇಟಾಲಿಯನ್ ಬಲ್ಲ ಪರಿಚಿತರು ಅದು ಕುಟುಂಬ ಎನ್ನುತ್ತಾರೆ. ಮನೆಯವರೆಲ್ಲರ ಹೆಸರು ಬರೆಯಬೇಕೇ?
– ಓದುಗರು, ಧಾರವಾಡ

ಉತ್ತರ: ಬೇಡ. ಮಗನ ಅಡ್ಡಹೆಸರು ಮಾತ್ರ ಸಾಕು, ಅದೂ ಪಾಸ್‌ಪೋರ್ಟಿನ ಸರ್‌ನೇಮ್ ಅಂಕಣದಲ್ಲಿರುವಂತೆಯೇ.

ಪರಿಚಿತರು ಹೇಳಿದ್ದು ಇಟಾಲಿಯನ್ನಿನ ಮಟ್ಟಿಗೆ ಸರಿ. ಪದದ ಮೂಲ ಲ್ಯಾಟಿನ್ನಿನ ‘ಫಾಮುಲುಸ್’, ಅಂದರೆ ಆಳು. ರೋಮನ್ನರ ‘ಫಮಿಲಿಯಾ’ದಲ್ಲಿ ಮಕ್ಕಳಂತೆ ಗುಲಾಮರೂ ಸೇರಿದ್ದರು; ಎಷ್ಟೋ ಸಲ ಗುಲಾಮರ ತಂಡವೊಂದನ್ನೇ ಹಾಗೆ ಕರೆಯುತ್ತಿದ್ದರು. ಇಟಾಲಿಯನ್, ಸ್ಪ್ಯಾನಿಷ್, ರೊಮೇನಿಯನ್ ಭಾಷೆಗಳಲ್ಲಿ ಅದು ಕುಟುಂಬವಾಯಿತು. ರಷ್ಯನ್ನಿಗೆ ಪೀಟರ್ ದೊರೆಯ ಕಾಲದ ಸುಮಾರಿಗೆ ‘ಮನೆತನ’ ಎಂಬ ಅರ್ಥದಲ್ಲಿ ಬಂತು. ಕುಟುಂಬಕ್ಕೆ ‘ಸೆಮ್ಯಾ’ ಎಂಬ ಸ್ವಂತ ಪದ ಅಲ್ಲಿ ಮೊದಲೇ ಇತ್ತು. ಹೊಸಪದ ಬರಬರುತ್ತ ಮನೆತನದ ಹೆಸರಿಗೆ ನಿಂತಿತು. ಬಲ್ಗೇರಿಯನ್ನಿನಲ್ಲೂ ಹಾಗೆಯೇ. ರಷ್ಯಾದ ರೈತರಲ್ಲಿ ಬಹುಮಂದಿಗೆ ಇಂಥ ಹೆಸರು ದಾಖಲಾದದ್ದು 1861ರಲ್ಲಿ ಜೀತಪದ್ಧತಿ ರದ್ದಾದ ನಂತರವೇ.

ಅಕ್ಕಪಕ್ಕದ ಸ್ಲಾವಿಕ್ ಭಾಷೆಗಳನ್ನೂ ನಂಬಿ ಕೂರುವಂತಿಲ್ಲ. ಉಕ್ರೇನಿಯನ್ನಿನಲ್ಲಿ ‘ಪ್ರಿಜ್ವಿಶ್ಚೆ’ ಅಡ್ಡಹೆಸರು. ಅದರ ಜೋಡಿಪದವಾದ ರಷ್ಯನ್ ‘ಪ್ರೋಜ್ವಿಶ್ಚೆ’ ಊರವರು ಇಟ್ಟ ಗೇಲಿಹೆಸರೂ ಆಗಬಹುದು!

ಇನ್ನು ಅರ್ಜಿಯ ಮಾತು. ‘ಇಮ್ಯಾ’ ಎಂದರೆ ಇಟ್ಟ ಹೆಸರು. ಮೂರನೆಯದು ‘ಓತ್ಚೆಸ್ತ್ವೊ’: ಇವಾನನ ಮಗ ಇವಾನೊವಿಚ್ ಎನ್ನುವಂತೆ ತಂದೆಯ ಹೆಸರಿನಿಂದ ಕಟ್ಟಿದ್ದು. ನಮ್ಮ ಪಾಸ್‌ಪೋರ್ಟಿನಲ್ಲಿ ಅಂಥದ್ದಿಲ್ಲ, ಆದ್ದರಿಂದ ಕಾಲೇಜು ಬೇರೆ ಹೇಳದಿದ್ದರೆ ಖಾಲಿ ಬಿಡಿ. ಅಲ್ಲಿ ತಂದೆಯ ಹೆಸರು ತುಂಬಿದರೆ ಅರ್ಜಿಗೂ ಪಾಸ್‌ಪೋರ್ಟಿಗೂ ತಾಳೆಯಾಗುವುದಿಲ್ಲ. ಸರ್‌ನೇಮ್ ಅಂಕಣವೇ ಖಾಲಿ ಇದ್ದರೆ ಹೆಸರನ್ನು ನಿಮ್ಮಷ್ಟಕ್ಕೆ ಒಡೆಯಬೇಡಿ, ಕಾಲೇಜನ್ನು ಕೇಳಿ.

ಹೆಚ್ಚು ತೊಂದರೆ ಕೊಡುವುದು ಲಿಪಿ. ನಮ್ಮ ‘ಹ’ಕಾರಕ್ಕೆ ರಷ್ಯನ್ನಿನಲ್ಲಿ ಸರಿಯಾದ ಅಕ್ಷರವಿಲ್ಲ. ಹೆಗಡೆ ಒಂದು ಅನುವಾದದಲ್ಲಿ ‘ಖೆಗ್ಡೆ’ ಆಗಿ, ಇನ್ನೊಂದರಲ್ಲಿ ‘ಗೆಗ್ಡೆ’ ಆದರೆ ಕಾಗದದ ಮೇಲೆ ಇಬ್ಬರು ಮನುಷ್ಯರಾಗುತ್ತಾರೆ. ಪಾಸ್‌ಪೋರ್ಟಿನ ಮೊದಲ ನೋಟರಿ ಅನುವಾದದ ಪ್ರತಿ ಇಟ್ಟುಕೊಂಡು, ಅಂಕಪಟ್ಟಿ, ಜನನಪತ್ರಗಳ ಅನುವಾದಕರಿಗೂ ಅದನ್ನೇ ತೋರಿಸಿ.

ಆದರೆ ‘ಪಾಟೀಲ್’ ಎಂಬುದು ಪ್ರಮಾಣಪತ್ರದಲ್ಲಿ ‘ಪಾಟೀಲು’ ಎಂದಾಗಿದ್ದರೆ ತಿದ್ದಿಸಲು ಓಡಬೇಡಿ. ‘ಪಾಟೀಲನಿಗೆ ಕೊಡಲಾಗಿದೆ’ ಎಂಬಲ್ಲಿ ನಾವು ‘ಗೆ’ ಹಚ್ಚುವ ಹಾಗೆ ಅವರು ‘ಉ’ ಹಚ್ಚುತ್ತಾರೆ. ವ್ಯಂಜನಾಂತ್ಯದ ಹೆಸರು ಗಂಡಸಿನದಾದರೆ ಮಾತ್ರ ಹೀಗೆ. ಹೆಂಗಸಿನದಾದರೆ ‘ಪಾಟೀಲ್’ ಎಂದೇ ಇರುತ್ತದೆ.