ಕೈಯಲ್ಲೂ ಸ್ಕ್ರೀನ್, ಎದುರಲ್ಲೂ ಸ್ಕ್ರೀನ್: ಬೇಕಾ?

ಪ್ರಶ್ನೆ: ನಮ್ಮ ಭಾವ ತಮ್ಮ ಹಳೇ ವೀ ಯು (ಟಿವಿಗೆ ಜೋಡಿಸಿ ಆಡುವ ನಿಂಟೆಂಡೋ ಕಂಪನಿಯ ವಿಡಿಯೋ ಗೇಮ್ ಕನ್ಸೋಲ್) ನಮಗೆ ಕೊಡುತ್ತೇನೆ ಅಂದಿದ್ದಾರೆ. ಕೈಯಲ್ಲಿ ಹಿಡಿದು ಆಡುವ ಅದರ ಗೇಮ್‌ಪ್ಯಾಡ್‌ನಲ್ಲೇ ಒಂದು ಸ್ಕ್ರೀನ್ ಇದೆ. ಎದುರಿಗೆ ಟಿವಿ ಇರುವಾಗ ಇದರಿಂದ ಉಪಯೋಗ ಇದೆಯಾ, ಸುಮ್ನೆ ಶೋಕಿನಾ?

ಉತ್ತರ: ಪುಕ್ಕಟೆ ಬಂದರೆ ಬಿಡಬೇಡಿ! ಉಪಯೋಗ ಮಾತ್ರ ಆಟದಿಂದ ಆಟಕ್ಕೆ ಬೇರೆ. ನನ್ನ ಲೆಕ್ಕ ಇಷ್ಟೇ: ಕೈಯಲ್ಲಿರುವ ಸ್ಕ್ರೀನ್ ಪಕ್ಕದವರಿಗೆ ಕಾಣದ್ದನ್ನು ತೋರಿಸಬೇಕು. ಇಲ್ಲವೇ, ತಲೆ ಬಗ್ಗಿಸಿ ನೋಡುವುದೇ ಆಟದ ಭಾಗ ಆಗಿರಬೇಕು.

ಮೊದಲನೆಯದಕ್ಕೆ ನಿಂಟೆಂಡೋ ಲ್ಯಾಂಡ್ ಎಂಬ ಗೇಮ್‌ನಲ್ಲಿರುವ ಮಾರಿಯೋ ಚೇಸ್ ನೋಡಿ, ಒಬ್ಬ ಮಾರಿಯೋ ಆಗಿ ಓಡುವ, ಉಳಿದವರು ಹಿಡಿಯುವ ಆಟ. ಓಡುವವನ ಕೈಯಲ್ಲಿ, ಬೇರೆ ಬೇರೆ ಬಣ್ಣದ ಭಾಗಗಳಿರುವ ಇಡೀ ಬಯಲಿನ ಮ್ಯಾಪ್ ಇರುತ್ತದೆ. ಹಿಡಿಯುವವರಿಗೆ ಟಿವಿಯಲ್ಲಿ ತಮ್ಮ ಮುಂದಿನ ದಾರಿ ಬಿಟ್ಟರೆ ಜಾಸ್ತಿ ಏನೂ ಕಾಣಲ್ಲ. 'ಹಳದಿ ಕಡೆ ಹೋದ, ಹಳದಿ!' ಅಂತ ಕೂಗಾಟ ಶುರುವಾಗುತ್ತದೆ. ಓಡುವವನು ತುಟಿ ಬಿಗಿದು, ಗೇಮ್‌ಪ್ಯಾಡನ್ನು ಎದೆಗೆ ಒತ್ತಿಕೊಂಡು ಕೂತಿರುತ್ತಾನೆ. ನಗು ಬಂದರೂ ಸಿಕ್ಕಿಬೀಳುತ್ತಾನೆ, ಪಾಪ. ಒಂದೇ ಸ್ಕ್ರೀನ್ ಇದ್ದರೆ ಈ ಆಟವೇ ಇಲ್ಲ.

ಎರಡನೆಯದಕ್ಕೆ 'ಝೋಂಬಿಯು' (ZombiU) ಎಂಬ ಭಯದ ಆಟ. ಬ್ಯಾಗ್ ತೆರೆದರೆ ಒಳಗಿನ ಸಾಮಾನೆಲ್ಲ ಗೇಮ್‌ಪ್ಯಾಡ್‌ಗೆ ಬರುತ್ತದೆ, ಆದರೆ ಆಟ ನಿಲ್ಲುವುದಿಲ್ಲ. ನೀವು ಔಷಧಿ ಹುಡುಕುತ್ತಿರುವಾಗ ಟಿವಿಯಲ್ಲಿ ಬೆನ್ನ ಹಿಂದೆ ಏನೋ ಬರ್ತಿರುತ್ತದೆ. ಒಬ್ಬರೇ ಕೂತು ಆಡಿ, ಗೊತ್ತಾಗುತ್ತೆ.

ಕೆಟ್ಟಿದ್ದು ಎಲ್ಲಿ ಅಂದರೆ 2016ರ ಸ್ಟಾರ್ ಫಾಕ್ಸ್ ಝೀರೋದಲ್ಲಿ. ವಿಮಾನ ಟಿವಿಯಲ್ಲಿ, ಸರಿಯಾಗಿ ಗುರಿ ಹಿಡಿಯಬೇಕೆಂದರೆ ಕೈಯಲ್ಲಿ. ಎರಡೂ ಒಟ್ಟೊಟ್ಟಿಗೆ ಬೇಕು. ದೂರದ ಟಿವಿಯಿಂದ ಹತ್ತಿರದ ಸ್ಕ್ರೀನಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ವಿಮಾನ ಗೋಡೆಗೆ ಹೊಡೆದಿರುತ್ತದೆ. ನನಗಂತೂ ತಲೆನೋವು.

ಬರೀ ಮ್ಯಾಪ್ ತೋರಿಸುವ ಆಟಗಳು ಬೇಕಾದಷ್ಟಿವೆ. ಅನುಕೂಲವೇನೋ ಹೌದು, ಅದಕ್ಕಾಗಿ ಕನ್ಸೋಲ್ ಕೊಳ್ಳಬೇಕಾಗಿಲ್ಲ. ಸೂಪರ್ ಮಾರಿಯೋ ಮೇಕರ್ ಬೇರೆ ಮಾತು. ಗೇಮ್‌ಪ್ಯಾಡಿನ ಸ್ಕ್ರೀನ್ ಮೇಲೆ ಕಡ್ಡಿಯಲ್ಲಿ (ಸ್ಟೈಲಸ್) ಇಟ್ಟಿಗೆ ಎಳೆದಿಟ್ಟು ನಮ್ಮದೇ ಹಂತ ಕಟ್ಟುವ ಸುಖ ಬಟನ್ ಒತ್ತಿದರೆ ಸಿಗಲ್ಲ.

ಭಾವನ ಹತ್ತಿರ ಆ ಕಡ್ಡಿ, ಗೇಮ್‌ಪ್ಯಾಡಿನ ಚಾರ್ಜರ್, ಉಳಿದವರು ಕೈಯಲ್ಲಿ ಹಿಡಿದು ಆಡುವ ಹಳೇ ವೀ ರಿಮೋಟ್‌ಗಳನ್ನೂ ಕೇಳಿ ಇಸ್ಕೊಳ್ಳಿ. ರಿಮೋಟ್ ಇಲ್ಲದಿದ್ದರೆ ಮಾರಿಯೋನ ಬೆನ್ನಟ್ಟುವವರು ಸುಮ್ಮನೆ ಕೂತಿರಬೇಕಷ್ಟೇ. ಆಟದ ಡಿಸ್ಕ್‌ಗಳನ್ನಂತೂ ಬಿಡಲೇಬೇಡಿ. ವೀ ಯುನ ಆನ್‌ಲೈನ್ ಅಂಗಡಿಯಲ್ಲಿ 2023ರ ಮಾರ್ಚ್‌ನಿಂದ ಮಾರಾಟ ನಿಂತಿದೆ.