ಟ್ರಂಕಿನ ನೆಗೆಟಿವ್‌ಗಳನ್ನು ಗುಜರಿಗೆ ಹಾಕಬೇಡಿ

ಮಂಡ್ಯದಲ್ಲಿ ಬಹುಕಾಲ ಸ್ಟುಡಿಯೋ ನಡೆಸಿ ಈಗ ವಿಶ್ರಾಂತಿಯಲ್ಲಿರುವ ಹಿರಿಯ ಓದುಗರೊಬ್ಬರು ನಮಗೆ ಬರೆದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ನಿಮ್ಮ ದಸರಾ ವಿಶೇಷಾಂಕದ ಛಾಯಾಚಿತ್ರ ಸ್ಪರ್ಧೆಗೆ ‘ಡಿಜಿಟಲ್ ಚಿತ್ರಗಳನ್ನು ಮಾತ್ರ ಕಳುಹಿಸಿ’ ಎಂದು ಪ್ರಕಟಿಸಿದ್ದೀರಿ. ಹಾಗಾದರೆ ಮೂವತ್ತೆಂಟು ವರ್ಷ ರೀಲಿನಲ್ಲಿ ತೆಗೆದ ನಮ್ಮ ಚಿತ್ರಗಳು ಲೆಕ್ಕಕ್ಕಿಲ್ಲವೇ? ಮನೆಯಲ್ಲಿ ಎರಡು ಟ್ರಂಕು ನೆಗೆಟಿವ್ ಇವೆ. ಗುಜರಿಯವನಿಗೆ ಕೊಟ್ಟುಬಿಡೋಣ ಎನ್ನುತ್ತಾನೆ ಮಗ. ಇತ್ತ ಮೊಮ್ಮಗಳು ಕ್ಯಾಮೆರಾ ಕೊಡಿಸಿ ಎಂದು ಹಟ ಹಿಡಿದಿದ್ದಾಳೆ. ರೀಲನ್ನು ಡಿಜಿಟಲ್ ಕೊಂದಿತು. ಮೊಬೈಲ್ ಬಂದ ಮೇಲೆ ಡಿಜಿಟಲ್ ಕ್ಯಾಮೆರಾವೂ ಅದೇ ದಾರಿ ಹಿಡಿದಿದೆಯಲ್ಲವೇ? ಅವಳಿಗೆ ಏನು ಹೇಳಲಿ?”

ಹಿರಿಯರಿಗೆ ನಮಸ್ಕಾರ.

ಮೊದಲು ನಮ್ಮ ತಪ್ಪನ್ನು ಸರಿಪಡಿಸುತ್ತೇನೆ. ಪ್ರಕಟಣೆಯಲ್ಲಿದ್ದ ‘ಮಾತ್ರ’ ಎಂಬ ಪದವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಮುದ್ರಿಸಿದ ಚಿತ್ರ, ನೆಗೆಟಿವ್, ಸ್ಲೈಡ್ ಯಾವುದನ್ನು ಕಳುಹಿಸಿದರೂ ನಮ್ಮ ಕಚೇರಿಯಲ್ಲೇ ಸ್ಕ್ಯಾನ್ ಮಾಡಿ ಸ್ಪರ್ಧೆಗೆ ಸೇರಿಸುತ್ತೇವೆ. ಪುಟ ಕಟ್ಟುವವರಿಗೆ ಅನುಕೂಲವಾಗಲಿ ಎಂದು ಬರೆದ ಒಂದು ಪದ ನಿಮ್ಮ ಮೂವತ್ತೆಂಟು ವರ್ಷಗಳ ದುಡಿಮೆಯನ್ನು ಹೊರಗೆ ನಿಲ್ಲಿಸಿತಲ್ಲ ಎಂದು ನಿಜವಾಗಿಯೂ ನೊಂದಿದ್ದೇನೆ.

ಪತ್ರದ ಜೊತೆ ನೀವು ಇಟ್ಟಿದ್ದ ಚಿತ್ರವನ್ನು ಎರಡು ದಿನಗಳಿಂದ ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ಮೈಷುಗರ್ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಂತ ಕಬ್ಬಿನ ಗಾಡಿಗಳು. ಹಿಂಬದಿಯಲ್ಲಿ ನೇರಳೆ ಶಾಯಿಯ ಸ್ಟುಡಿಯೋ ಮೊಹರು, ಅದರ ಕೆಳಗೆ ಪೆನ್ಸಿಲಿನಲ್ಲಿ ನೆಗೆಟಿವ್ ಸಂಖ್ಯೆ ಮತ್ತು ‘ಫೆಬ್ರವರಿ 1978’. ಭೂತಗನ್ನಡಿ ಹಿಡಿದು ನೋಡಿದೆ. ಮುಂದಿನ ಗಾಡಿಯ ಮೂಕಿಯ ಮೇಲೆ ಕುಳಿತ ಹುಡುಗನೊಬ್ಬ ಕಬ್ಬಿನ ಜಲ್ಲೆಯನ್ನು ಹಲ್ಲಿನಿಂದ ಸಿಗಿಯುತ್ತಿದ್ದಾನೆ. ಎತ್ತಿನ ಕೊಂಬಿಗೆ ಬಳಿದ ಬಣ್ಣ ಅರ್ಧ ಮಾಸಿದೆ. ಸಂಕ್ರಾಂತಿ ಕಳೆದು ತಿಂಗಳಾಗಿರಬೇಕು. ಒಂಬತ್ತು ಗಾಡಿಗಳ ಚಕ್ರಗಳು ಕಾಣುತ್ತವೆ. ಏಳಕ್ಕೆ ಕಬ್ಬಿಣದ ಪಟ್ಟಿ ಹಾಕಿದ ಮರದ ಚಕ್ರ, ಎರಡಕ್ಕೆ ಮಾತ್ರ ಟೈರು. ಕ್ಲಿಕ್ ಮಾಡುವಾಗ ಚಕ್ರ ಎಣಿಸುವ ಯೋಚನೆ ನಿಮಗೆ ಇತ್ತೇ? ಇರಲಾರದು. ಆದರೂ ಮಂಡ್ಯದ ರಸ್ತೆಯಲ್ಲಿ ಮರದ ಚಕ್ರ ಸರಿದು ಟೈರು ಬರುತ್ತಿದ್ದ ಕಾಲ, ಚಿತ್ರ ಮೂಡಿಸುವ ಆ ಬೆಳ್ಳಿಯ ಕಣಗಳಲ್ಲಿ ಉಳಿದುಬಿಟ್ಟಿದೆ. ನಿಮ್ಮ ಟ್ರಂಕುಗಳ ಬಗ್ಗೆ ನನಗೆ ಇಷ್ಟು ಕಾಳಜಿ ಹುಟ್ಟಿದ್ದು ಈ ಎರಡು ಟೈರಿನ ಗಾಡಿಗಳಿಂದ.

ರೀಲನ್ನು ಡಿಜಿಟಲ್ ಕೊಂದಿತು ಎಂದು ನೀವು ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ನಮ್ಮ ಊರುಗಳ ಸ್ಟುಡಿಯೋಗಳ ಮಟ್ಟಿಗೆ ಹೇಳುವುದಾದರೆ, ಕತ್ತಲೆ ಕೋಣೆಯ ಬಾಗಿಲು ಅದಕ್ಕೂ ಮೊದಲೇ ಮುಚ್ಚಿತ್ತು. ಕಪ್ಪು ಬಿಳುಪಿನ ಕಾಲದಲ್ಲಿ ತೆಗೆದವರೇ ತೊಳೆಯುತ್ತಿದ್ದರು. ಕೆಂಪು ದೀಪದಡಿ ಬ್ರೋಮೈಡ್ ಕಾಗದವನ್ನು ಡೆವಲಪರ್ ಟ್ರೇಯಲ್ಲಿ ಅಲುಗಾಡಿಸಿ, ಮುಖ ಮೂಡುತ್ತಿದ್ದಂತೆ ಎತ್ತಿ, ಮೂಡಿದ್ದನ್ನು ಗಟ್ಟಿಯಾಗಿ ನಿಲ್ಲಿಸುವ ಹೈಪೋ ದ್ರಾವಣಕ್ಕೆ ಹಾಕಿ, ನೀರಿನಲ್ಲಿ ತೊಳೆದು ಒಣಹಾಕುವವರೆಗೆ ಎಲ್ಲವೂ ಒಂದೇ ಕೈಯ ಕೆಲಸ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮೊಡವೆ ಮರೆಸುವ ಟಚಿಂಗ್ ಕೂಡ ಅದೇ ಕೈಯದು. ಕಲರ್ ಬಂದಾಗ ಆ ಕೈಗೆ ಕೆಲಸ ತಪ್ಪಿತು. ಕಲರ್ ನೆಗೆಟಿವ್ ತೊಳೆಯುವ ದ್ರಾವಣದ ಬಿಸಿ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕದಲದೆ ನಿಲ್ಲಬೇಕು, ಸ್ವಲ್ಪ ಏರುಪೇರಾದರೂ ಬಣ್ಣ ಕೆಡುತ್ತದೆ. ಅದಕ್ಕೆ ಯಂತ್ರ ಬೇಕು, ಯಂತ್ರಕ್ಕೆ ಲಕ್ಷಗಟ್ಟಲೆ ಬಂಡವಾಳ ಬೇಕು. ಹೀಗಾಗಿ ಮಂಡ್ಯದ ಮದುವೆಯ ರೀಲುಗಳು ಚೀಲದಲ್ಲಿ ಕುಳಿತು ಬಸ್ಸಿನಲ್ಲಿ ಮೈಸೂರಿನ ಕಲರ್ ಲ್ಯಾಬಿಗೆ ಬರತೊಡಗಿದವು. ಡಿಜಿಟಲ್ ಬರುವ ಹೊತ್ತಿಗೆ ಹೆಚ್ಚಿನ ಸ್ಟುಡಿಯೋಗಳಲ್ಲಿ ಉಳಿದಿದ್ದದ್ದು ಪರದೆ, ದೀಪ ಮತ್ತು ಕುರ್ಚಿ.

ಮೈಸೂರಿನಿಂದ ಗುಡ್ಡ ಹತ್ತಿದರೆ ಸಿಗುವ ಊಟಿಯಲ್ಲೇ ಫಿಲ್ಮ್ ತಯಾರಾಗುತ್ತಿತ್ತು ಎಂಬುದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಉದ್ಯಮ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಕಪ್ಪು ಬಿಳುಪು ಫಿಲ್ಮನ್ನೂ ಎಕ್ಸ್‌ರೇ ಫಿಲ್ಮನ್ನೂ ಮಾಡುತ್ತಿತ್ತು. ಕಲರ್ ಕೈ ಹಿಡಿಯಲಿಲ್ಲ, ಸಾಲ ಬೆಳೆಯಿತು, ಕಾರ್ಖಾನೆ ನಿಂತಿತು. ನಿಮ್ಮ ಟ್ರಂಕಿನಲ್ಲಿ ಇಂದು ನೆಗೆಟಿವ್‌ಗಳು ಖಂಡಿತ ಇರುತ್ತವೆ.

ಅಮೆರಿಕದ ಕೊಡಾಕ್ ಕಥೆ ಇನ್ನೂ ಮನಸ್ಸಿಗೆ ತಟ್ಟುತ್ತದೆ. ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಒಟ್ಟು 10,000 ಚುಕ್ಕೆಗಳ ಕಪ್ಪು ಬಿಳುಪು ಚಿತ್ರ. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು. ಫಿಲ್ಮ್ ಮಾರಿ ಬದುಕುತ್ತಿದ್ದ ಕಂಪನಿಗೆ ಫಿಲ್ಮ್ ಬೇಡದ ಕ್ಯಾಮೆರಾ ಬೇಕಾಗಲಿಲ್ಲ. 2012ರ ಜನವರಿಯಲ್ಲಿ ಅದೇ ಕೊಡಾಕ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಜಪಾನಿನ ಫ್ಯೂಜಿಫಿಲ್ಮ್‌ಗೂ ಅದೇ ಪೆಟ್ಟು ಬಿದ್ದಿತ್ತು. ಆದರೆ ತೆಳು ಪದರ ಲೇಪಿಸುವ ತನ್ನ ವಿದ್ಯೆಯನ್ನು ಟಿ.ವಿ. ಪರದೆಗಳಿಗೂ, ಫಿಲ್ಮಿನ ಲೇಪಕ್ಕೆ ಬಳಸುತ್ತಿದ್ದ ಜೆಲಟಿನ್ ಅಂಟಿನ ವಿದ್ಯೆಯನ್ನು ಸೌಂದರ್ಯವರ್ಧಕಗಳಿಗೂ ಒಯ್ದು ಅದು ಉಳಿದುಕೊಂಡಿತು.

ನಿಮಗೆ ಬೇಸರವಾಗಬಹುದಾದ ಒಂದು ಮಾತನ್ನೂ ಹೇಳಬೇಕು. ರೀಲಿನ ಕಾಲವನ್ನು ಚಿನ್ನದ ಕಾಲ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಸೋದರಮಾವನ ಆಗ್ಫಾ ಕ್ಲಿಕ್-3 ಇತ್ತು. ಒಂದು ರೀಲಿಗೆ ಹನ್ನೆರಡೇ ಚಿತ್ರ. ಅಕ್ಕನ ಮದುವೆಗೆ ಒಂದೇ ರೀಲು ತರಲು ಸಾಧ್ಯವಾಯಿತು. ಧಾರೆ, ಸಪ್ತಪದಿ, ಬಂಧುಗಳ ಗುಂಪು ಎಂದು ಹನ್ನೆರಡೂ ಮುಗಿದವು. ಬೆಳಗಿನಿಂದ ಸಂಜೆಯವರೆಗೆ ಅಡುಗೆ ಮನೆಯಲ್ಲೇ ಇದ್ದ ಅಜ್ಜಿ ಯಾವುದರಲ್ಲೂ ಇಲ್ಲ. ಅಜ್ಜಿಯ ಮುಖ ಇಂದು ಯಾವ ಕಾಗದದ ಮೇಲೂ ಇಲ್ಲ. ನಮ್ಮ ಮನೆ ಒಂದೇ ಅಲ್ಲ, ನೂರಾರು ಮನೆಗಳ ಆಲ್ಬಂಗಳಲ್ಲಿ ಅಡುಗೆ ಮನೆಯ ಹೆಂಗಸರಿಲ್ಲ, ಹೊಲದ ಆಳುಗಳಿಲ್ಲ. ಚಿತ್ರಕ್ಕೆ ದುಡ್ಡು ಬೀಳುತ್ತಿದ್ದಾಗ ಯಾರು ಮುಖ್ಯ ಎಂಬುದನ್ನು ದುಡ್ಡೇ ತೀರ್ಮಾನಿಸುತ್ತಿತ್ತು. ಡಿಜಿಟಲ್ ಆ ಬೇಲಿಯನ್ನು ಕಿತ್ತುಹಾಕಿತು. ಬನ್ನಿಮಂಟಪದ ಪಂಜಿನ ಕವಾಯತನ್ನು ಇಂದು ಕಾಲೇಜು ಹುಡುಗಿಯೊಬ್ಬಳು ಗ್ಯಾಲರಿಯ ಕೊನೆಯ ಸಾಲಿನಲ್ಲಿ ಕುಳಿತು ಸ್ಪಷ್ಟವಾಗಿ ತೆಗೆಯಬಲ್ಲಳು. ನಾನೂರು ಎ.ಎಸ್.ಎ. (ಬೆಳಕು ಹೀರುವ ಚುರುಕಿನ ಅಳತೆ) ಫಿಲ್ಮಿನಲ್ಲಿ ಅಷ್ಟು ಮಂದ ಬೆಳಕಿಗೆ ನೀವು ಪಟ್ಟ ಪಾಡು ನಿಮಗೇ ಗೊತ್ತು.

ಹಾಗೆಂದು ಮಿತಿಯಿಂದ ಬಂದ ಸಂಯಮವನ್ನು ಅಲ್ಲಗಳೆಯಲಾರೆ. ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ಮಕ್ಕಳು, ಮುದುಕರು, ಕೂಲಿಗಳು ಕ್ಯಾಮೆರಾ ಎದುರಿಗಿರುವುದನ್ನೇ ಮರೆತಂತೆ ಇರುತ್ತಾರೆ. ಪದ್ಮಶ್ರೀ ಪಡೆದ, ಪ್ರಪಂಚ ಸುತ್ತಿದ ಅವರು ಕೊನೆಯ ದಿನಗಳನ್ನು ಇದೇ ಊರಿನಲ್ಲಿ ಕಳೆದು 2009ರಲ್ಲಿ ತೀರಿಕೊಂಡರು. ಎದುರಿನವರು ಕ್ಯಾಮೆರಾ ಮರೆಯುವಷ್ಟು ಹೊತ್ತು ಕಾಯುವುದನ್ನು ಯಾವ ಯಂತ್ರವೂ ಕಲಿಸಿಕೊಡುವುದಿಲ್ಲ.

ಇನ್ನು ಮೊಮ್ಮಗಳ ಪ್ರಶ್ನೆ. ನಿಮ್ಮ ಅನುಮಾನಕ್ಕೆ ಆಧಾರವಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿನಾದ್ಯಂತ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಟಿದ್ದವು. 2023ಕ್ಕೆ ಅದು 77 ಲಕ್ಷದ ಆಸುಪಾಸಿಗೆ ಕುಸಿಯಿತು. ನೆಲಕಚ್ಚಿದ್ದು ಮುಖ್ಯವಾಗಿ ಜೇಬಿನ ಪುಟ್ಟ ಕ್ಯಾಮೆರಾಗಳು; ಅವುಗಳ ಜಾಗವನ್ನು ಮೊಬೈಲ್ ತೆಗೆದುಕೊಂಡಿತು. ದೊಡ್ಡ ಕ್ಯಾಮೆರಾ ತನ್ನೊಳಗಿನ ಕನ್ನಡಿ ಕಳಚಿಟ್ಟು ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಆಗಿ ಮುಂದುವರಿದಿದೆ. 2021ರ ನಿಕಾನ್ ಝಡ್-9ರಲ್ಲಿ ಬೆಳಕಿಗೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರ್ ಕೂಡ ಇಲ್ಲ. ಆದರೂ ಇಂದಿನವರು ‘ಫುಲ್ ಫ್ರೇಮ್’ ಎಂದು ಕರೆಯುವುದು ನಿಮ್ಮ 35 ಎಂ.ಎಂ. ರೀಲಿನ ಚೌಕಟ್ಟನ್ನೇ: 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಫಿಲ್ಮಿನ ಜಾಗದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಮೊಬೈಲಿನಲ್ಲಿ ಬೆರಳಿನ ಉಗುರಿನಷ್ಟು. ಬೆಳಕು ಹಿಡಿಯುವ ಜಾಗವೇ ಅಷ್ಟು ಕಡಿಮೆ ಇರುವುದರಿಂದ ಹಲವು ಚಿತ್ರಗಳನ್ನು ಕ್ಷಣದಲ್ಲಿ ತೆಗೆದು, ಬೆಸೆದು, ತಿದ್ದಿ ಕೊಡುತ್ತದೆ. ಮನೆಯ ಹುಟ್ಟುಹಬ್ಬಕ್ಕೆ ಅದು ಧಾರಾಳ ಸಾಕು. ರಂಗನತಿಟ್ಟಿನ ನಡುಗಡ್ಡೆಯ ಮೇಲೆ ಮರಿಗೆ ಗುಟುಕು ಕೊಡುತ್ತಿರುವ ಕೊಕ್ಕರೆಯನ್ನು ದೋಣಿಯಿಂದ ತೆಗೆಯಬೇಕಾದರೆ ಸಾಲದು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ಸಂಗತಿ. ಕಳೆದ ಸ್ಪರ್ಧೆಗೆ ಬಂದ ಒಂದು ಚಿತ್ರದಲ್ಲಿ ಅಂಬಾರಿಯ ಹಿಂದೆ ಕಾಣುವ ಅರಮನೆಗೆ ಇಲ್ಲದ ಗೋಪುರವೊಂದು ಇತ್ತು. ಕಳುಹಿಸಿದ ಯುವಕನನ್ನು ವಿಚಾರಿಸಿದರೆ ಅವನಿಗೂ ಗೊತ್ತಿರಲಿಲ್ಲ. ಮೊಬೈಲಿನ ಆ್ಯಪ್ ‘ಚೆಂದ ಮಾಡಿಕೊಟ್ಟಿತ್ತು’. 2023ರಲ್ಲಿ ಸೋನಿ ವಿಶ್ವ ಛಾಯಾಚಿತ್ರ ಸ್ಪರ್ಧೆಯಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್, ತಮ್ಮ ಚಿತ್ರವನ್ನು ರಚಿಸಿದ್ದು ಕೃತಕ ಬುದ್ಧಿಮತ್ತೆ ಎಂದು ತಾವೇ ಹೇಳಿ ಬಹುಮಾನ ನಿರಾಕರಿಸಿದರು. ಅದೇ ವರ್ಷ ಲೈಕಾ ಕಂಪನಿ, ಚಿತ್ರ ಎಲ್ಲಿಂದ ಬಂತು, ಆಮೇಲೆ ಏನೇನು ತಿದ್ದಲಾಯಿತು ಎಂಬ ದಾಖಲೆಯನ್ನು ಕಡತದಲ್ಲೇ ಮುದ್ರೆಯೊತ್ತಿ ಇಡುವ ಎಂ11-ಪಿ ಕ್ಯಾಮೆರಾ ತಂದಿತು. ಕ್ಯಾಮೆರಾದ ನಾಳೆ ಇರುವುದು ಇಲ್ಲಿ ಎಂದು ನಾನು ನಂಬಿದ್ದೇನೆ. ಚೆಂದದ ಚಿತ್ರವನ್ನು ಇನ್ನು ಯಾವ ಯಂತ್ರ ಬೇಕಾದರೂ ಕೊಟ್ಟೀತು. ‘ಇದು ನನ್ನ ಎದುರಿಗೆ ನಡೆಯಿತು’ ಎಂದು ಹೇಳಬಲ್ಲ ಯಂತ್ರ ಬೇಕೆನಿಸಿದವರು ಕ್ಯಾಮೆರಾ ಕೊಳ್ಳುತ್ತಾರೆ.

ನೆಗೆಟಿವ್ ಆ ಮಾತನ್ನು ಮೊದಲಿನಿಂದಲೂ ಹೇಳುತ್ತ ಬಂದಿದೆ. ಆ ಬೆಳಕು ಆ ದಿನ ಬಂದು ಬಿದ್ದದ್ದೇ ಆ ಫಿಲ್ಮಿನ ಮೇಲೆ. ಆದ್ದರಿಂದ ಸ್ಪರ್ಧೆಗೆ ಹೊಸ ನಿಯಮ ಸೇರಿಸುತ್ತಿದ್ದೇವೆ: ಬಹುಮಾನಕ್ಕೆ ಆಯ್ಕೆಯಾದವರು ಕ್ಯಾಮೆರಾದ ಮೂಲ ಕಡತವನ್ನಾಗಲಿ ನೆಗೆಟಿವನ್ನಾಗಲಿ ತೋರಿಸಬೇಕು.

ಮೊಮ್ಮಗಳಿಗೆ ಕ್ಯಾಮೆರಾ ಕೊಡಿಸಿ. ಹೊಸದೇ ಆಗಬೇಕಿಲ್ಲ, ಹತ್ತು ವರ್ಷ ಹಳೆಯ ಡಿ.ಎಸ್.ಎಲ್.ಆರ್. (ಒಳಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾ) ಸಾಕು. ನಮ್ಮ ಪತ್ರಿಕೆಯ ಇಡೀ ಪುಟದ ಚಿತ್ರಕ್ಕೆ ಒಂಬತ್ತು ಮೆಗಾಪಿಕ್ಸೆಲ್, ಅಂದರೆ 90 ಲಕ್ಷ ಚುಕ್ಕೆ, ಇದ್ದರೆ ಮುಗಿಯಿತು. ರೀಲಿನಲ್ಲೂ ತೆಗೆಯುತ್ತೇನೆ ಎಂದರೆ ತಡೆಯಬೇಡಿ. ಒಂದು ಕಲರ್ ರೀಲಿಗೆ ಈಗ ಹಲವು ನೂರು ರೂಪಾಯಿ ಆಗುತ್ತದೆ, ನಿಜ. ಆದರೆ ಪೆಂಟಾಕ್ಸ್ 2024ರಲ್ಲಿ ಹೊಸದಾಗಿ ಒಂದು ಫಿಲ್ಮ್ ಕ್ಯಾಮೆರಾವನ್ನೇ ಮಾರುಕಟ್ಟೆಗೆ ಬಿಟ್ಟಿದೆ. ಕೊಳ್ಳುತ್ತಿರುವವರಲ್ಲಿ ಅವಳ ವಯಸ್ಸಿನವರು ಬಹಳ.

ಈಗ ಟ್ರಂಕುಗಳು. ನಮ್ಮ ಕಚೇರಿಯಲ್ಲಿ ಕೆಲವು ವರ್ಷಗಳ ಹಿಂದೆ ಹಾರ್ಡ್ ಡಿಸ್ಕ್ ಒಂದು ಕೆಟ್ಟು ಮೂರು ದಸರಾಗಳ ಚಿತ್ರಗಳು ಹೋದವು. ಬೇರೆ ಪ್ರತಿ ಇಟ್ಟಿರಲಿಲ್ಲ. ಅದೇ ಕಪಾಟಿನ ಕೆಳಗಿನ ಅರೆಯಲ್ಲಿ 1984ರ ನೆಗೆಟಿವ್‌ಗಳು ಇಂದಿಗೂ ಸುಸ್ಥಿತಿಯಲ್ಲಿವೆ. ಗುಜರಿಯವರು ನೆಗೆಟಿವ್ ಕೊಳ್ಳುವುದು ಅದರಲ್ಲಿರುವ ಬೆಳ್ಳಿಗಾಗಿ. ಕಿಲೋ ಲೆಕ್ಕದಲ್ಲಿ ಒಯ್ದು ಕರಗಿಸಿದರೆ ನಾಲ್ಕು ಕಾಸು ಬರಬಹುದು, ಎರಡು ತಲೆಮಾರಿನ ಮಂಡ್ಯದವರ ಮುಖಗಳು ಹೋಗುತ್ತವೆ. ಟ್ರಂಕುಗಳನ್ನು ಅಟ್ಟದ ಮೇಲಿಂದ ಇಳಿಸಿ, ಬಿಸಿಲು ಮತ್ತು ತೇವ ಎರಡೂ ತಾಗದ ಕಡೆ ಇಡಿಸಿ. ಒಂದಕ್ಕೊಂದು ಅಂಟಿಕೊಂಡಿರುವುದನ್ನು ಎಳೆದು ಬಿಡಿಸಬೇಡಿ, ನಲ್ಲಿ ನೀರಿಗೆ ಹಿಡಿಯಬೇಡಿ. ಹುಳಿ ವಿನೆಗರ್ ವಾಸನೆ ಹೊಡೆಯುವವನ್ನು ಬೇರೆ ಡಬ್ಬಿಗೆ ತೆಗೆಯಿರಿ. ಆ ರೋಗ ಪಕ್ಕದ ಫಿಲ್ಮಿಗೂ ಹರಡುತ್ತದೆ. ಅಂಚು ಹಿಡಿದು ಎತ್ತುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ, ಮಗನಿಗೆ ನೀವು ಹೇಳಿಕೊಡಿ.

ಒಂದು ಕೇಳಿಕೆ. ಸ್ಟುಡಿಯೋಗಳಲ್ಲಿ ನೆಗೆಟಿವ್ ಸಂಖ್ಯೆ, ಗಿರಾಕಿಯ ಹೆಸರು, ಊರು ಬರೆದಿಡುವ ರಿಜಿಸ್ಟರ್ ಇರುತ್ತಿತ್ತಲ್ಲ, ಅದು ಉಳಿದಿದೆಯೇ? ಉಳಿದಿದ್ದರೆ ಟ್ರಂಕಿಗಿಂತ ಜೋಪಾನವಾಗಿ ಇಡಿ. ಇಲ್ಲದಿದ್ದರೆ ದಿನಕ್ಕೆ ಹತ್ತು ನೆಗೆಟಿವ್‌ನಂತೆ ಬೆಳಕಿಗೆ ಹಿಡಿದು ನಿಮಗೆ ನೆನಪಿದ್ದಷ್ಟನ್ನು ಹೇಳುತ್ತ ಹೋಗಿ, ಮೊಮ್ಮಗಳು ಬರೆದುಕೊಳ್ಳಲಿ. ಸ್ಕ್ಯಾನ್ ಮಾಡುವುದನ್ನು ಅವಳಿಗೆ ನಮ್ಮ ಕಚೇರಿಯಲ್ಲಿ ಕಲಿಸುತ್ತೇವೆ.

ಕಬ್ಬಿನ ಗಾಡಿಗಳ ಚಿತ್ರವನ್ನು ಅಂಚೆಗೆ ಹಾಕಲು ನನಗೆ ಧೈರ್ಯವಿಲ್ಲ. ಮುಂದಿನ ವಾರ ಮಂಡ್ಯಕ್ಕೆ ಬಂದು ನಾನೇ ನಿಮ್ಮ ಕೈಗೆ ಕೊಡುತ್ತೇನೆ. ಮೂಕಿಯ ಮೇಲಿನ ಹುಡುಗ ಯಾರ ಮನೆಯವನು ಎಂಬುದನ್ನು ಅಷ್ಟರಲ್ಲಿ ನೆನಪು ಮಾಡಿಕೊಂಡಿರಿ.

— ಸಂಪಾದಕ