ಬೇರೆ ಬೇರೆ ಕಡೆ ಇರುವ ಎರಡು ಕಂಪ್ಯೂಟರ್‌ಗಳಲ್ಲಿ ಒಂದೇ ಚದುರಂಗದ ಆಟ: ಇಂಟರ್ನೆಟ್ ಮೂಲಕ ಜೋಡಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಪೈಥಾನ್‌ನಲ್ಲಿ ಚದುರಂಗದ ಪ್ರೋಗ್ರಾಂ ಬರೆದಿದ್ದೀರಿ. ಸಾಕೆಟ್ (ಜಾಲದ ಮೂಲಕ ಇನ್ನೊಂದು ಪ್ರೋಗ್ರಾಂ ಜೊತೆ ಮಾತಾಡುವ ತುದಿ) ಸೇರಿಸಿದ ಮೇಲೆ ಒಂದೇ ವೈಫೈನಲ್ಲಿರುವ ಎರಡು ಲ್ಯಾಪ್‌ಟಾಪ್‌ಗಳ ನಡುವೆ ಆಟ ಚೆನ್ನಾಗಿಯೇ ನಡೆಯುತ್ತದೆ. ಆದರೆ ದೂರದಲ್ಲಿರುವ ಗೆಳೆಯರು ನೀವು ಕೊಟ್ಟ 192.168.1.5 ಎಂಬ ವಿಳಾಸ ಹಾಕಿದರೆ ಸುಮ್ಮನೆ ಕಾದು ಕಾದು ಟೈಮ್‌ಔಟ್ ಆಗುತ್ತದೆ. ಜೊತೆಗೆ, ಪ್ರತಿ ನಡೆಗೂ ಇಡೀ ಮಣೆಯ ಆಬ್ಜೆಕ್ಟನ್ನು ಪಿಕಲ್ ಮಾಡಿ (ಪೈಥಾನಿನ ವಿಧಾನದಲ್ಲಿ ಬೈಟ್‌ಗಳ ಕಟ್ಟಾಗಿಸಿ) ಕಳಿಸುತ್ತಿದ್ದೇನೆ, ಇದು ಸರಿಯೇ ಎಂದೂ ಕೇಳಿದ್ದೀರಿ.

ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಇತ್ಯರ್ಥವಾದರೆ ಮೊದಲನೆಯದು ಅರ್ಧ ಹಗುರವಾಗುತ್ತದೆ.

ಮಣೆಯನ್ನು ಕಳಿಸಬೇಡಿ, ನಡೆಯನ್ನಷ್ಟೇ ಕಳಿಸಿ. ಮಣೆ ಎರಡೂ ಕಡೆ ಇದ್ದೇ ಇದೆ, ಆರಂಭದ ಸ್ಥಿತಿ ಇಬ್ಬರಿಗೂ ಗೊತ್ತು, ನಿಯಮಗಳೂ ಗೊತ್ತು. ಇನ್ನು ಉಳಿದದ್ದು ಯಾವ ಚೌಕದಿಂದ ಯಾವ ಚೌಕಕ್ಕೆ ಎಂಬುದೊಂದೇ. 1844ರಲ್ಲಿ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವೆ ಟೆಲಿಗ್ರಾಫ್ ತಂತಿಯ ಮೇಲೆ ಚದುರಂಗ ಆಡಿದವರೂ ಮಾಡಿದ್ದು ಇದನ್ನೇ. 1945ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ತಂಡಗಳು ಹತ್ತು ಬೋರ್ಡ್‌ಗಳಲ್ಲಿ ರೇಡಿಯೊ ಮೂಲಕ ಆಡಿದಾಗ ಒಂದು ನಡೆಗೆ ನಾಲ್ಕೇ ಅಕ್ಷರ ಸಾಕಾಗುತ್ತಿತ್ತು, ಹೊರಡುವ ಚೌಕಕ್ಕೆ ಎರಡು, ತಲುಪುವ ಚೌಕಕ್ಕೆ ಎರಡು. (ಆ ಪಂದ್ಯವನ್ನು ಸೋವಿಯತ್ ತಂಡ 15½–4½ರಿಂದ ಗೆದ್ದುಕೊಂಡಿತು.) ಇಂದಿನ ಚೆಸ್ ಎಂಜಿನ್‌ಗಳು ಬಳಸುವ ಯುಸಿಐ ಬರಹವೂ ಅದೇ ಜಾತಿಯದು: ಇ2ಇ4, ಜಿ1ಎಫ್3. ಪದಾತಿ ಕೊನೆಯ ಸಾಲು ಮುಟ್ಟಿ ಬಡ್ತಿ ಪಡೆದಾಗ ಮಾತ್ರ ಐದನೆಯದೊಂದು ಅಕ್ಷರ ಬೇಕು. ಎರಡೂ ಕಡೆಯದು ಸೇರಿ ಎಂಬತ್ತು ನಡೆಗಳಾದ ಒಂದು ಇಡೀ ಆಟ ಹೀಗೆ ಬರೆದರೆ 500 ಬೈಟ್ ಕೂಡ ಆಗುವುದಿಲ್ಲ.

‘ನಡೆ ಯಾಕೆ, ಪ್ರತಿ ಸಲ ಎಫ್‌ಇಎನ್ ಸಾಲನ್ನೇ ಕಳಿಸಿದರೆ ಆಯಿತಲ್ಲ’ ಎಂದು ಇಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಎಫ್‌ಇಎನ್ ಒಳ್ಳೆಯ ವ್ಯವಸ್ಥೆ. ಕಾಯಿಗಳು ಎಲ್ಲೆಲ್ಲಿವೆ, ಯಾರ ಸರದಿ, ಕ್ಯಾಸ್ಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ) ಹಕ್ಕು ಯಾರಿಗೆ ಉಳಿದಿದೆ, ಆನ್ ಪಾಸಾಂ ಹೊಡೆತಕ್ಕೆ (ಎರಡು ಚೌಕ ಮುಂದೆ ಬಂದ ಪದಾತಿಯನ್ನು ಪಕ್ಕದ ಪದಾತಿ ಹೊಡೆಯುವುದಕ್ಕೆ) ಯಾವ ಚೌಕ ತೆರೆದಿದೆ, ಐವತ್ತು ನಡೆಗಳ ನಿಯಮದ ಲೆಕ್ಕ ಎಲ್ಲಿಗೆ ಬಂತು, ಈಗ ಎಷ್ಟನೆಯ ನಡೆ ಎಂಬ ಆರು ಸಂಗತಿಗಳನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ. ಆದರೆ ಇದೇ ಸ್ಥಿತಿ ಹಿಂದೆ ಎಷ್ಟು ಸಲ ಬಂದಿತ್ತು ಎಂಬುದು ಅದರಲ್ಲಿಲ್ಲ. ಒಂದೇ ಸ್ಥಿತಿ ಮೂರು ಸಲ ಬಂದರೆ ಆಟಗಾರ ಡ್ರಾ ಕೇಳಬಹುದು. ಅದನ್ನು ತೀರ್ಮಾನಿಸಲು ಹಿಂದಿನ ನಡೆಗಳೆಲ್ಲ ಬೇಕು. ಹಾಗಾಗಿ ನಿಜವಾದ ದಾಖಲೆ ನಡೆಗಳ ಪಟ್ಟಿ. ತೆರೆಯ ಮೇಲಿನ ಮಣೆ ಅದರಿಂದ ಹುಟ್ಟುವ ಚಿತ್ರ. ಎಫ್‌ಇಎನ್ ಅನ್ನು ಬೇರೊಂದು ಕೆಲಸಕ್ಕೆ ಇಟ್ಟುಕೊಳ್ಳಿ: ನಡೆಯ ಜೊತೆಗೆ ಅದನ್ನೂ ಕಳಿಸಿದರೆ, ತನ್ನ ಮಣೆಯೂ ಅದೇ ಸ್ಥಿತಿಯಲ್ಲಿದೆಯೇ ಎಂದು ಎದುರಿನವರ ಕಂಪ್ಯೂಟರ್ ತಾಳೆ ನೋಡಬಹುದು. ತಾಳೆಯಾಗದಿದ್ದರೆ ಪಟ್ಟಿಯನ್ನು ಮೊದಲಿನಿಂದ ತರಿಸಿಕೊಂಡು ಮಣೆಯನ್ನು ಮತ್ತೆ ಕಟ್ಟಿದರಾಯಿತು.

ಪಿಕಲ್ ಅನ್ನು ಮಾತ್ರ ಇವತ್ತೇ ತೆಗೆದುಹಾಕಿ. ಪಿಕಲ್ ಬಿಚ್ಚುವಾಗ ಕಳಿಸಿದವರು ಬಯಸಿದ ಯಾವ ಕೋಡ್ ಬೇಕಾದರೂ ನಿಮ್ಮ ಯಂತ್ರದಲ್ಲಿ ಓಡಬಲ್ಲದು. ಗೊತ್ತಿಲ್ಲದ ಕಡೆಯಿಂದ ಬಂದ ಪಿಕಲ್ ಬಿಚ್ಚಬೇಡಿ ಎಂದು ಪೈಥಾನ್ ಕೈಪಿಡಿಯೇ ಎಚ್ಚರಿಸುತ್ತದೆ. ಗೆಳೆಯರ ಮೇಲೆ ನಂಬಿಕೆ ಇರಬಹುದು. ಆದರೆ ನೀವು ಇಂಟರ್ನೆಟ್‌ಗೆ ತೆರೆದಿಟ್ಟ ಪೋರ್ಟಿಗೆ (ಕಂಪ್ಯೂಟರಿನ ಸಂಖ್ಯೆ ಹಾಕಿದ ಬಾಗಿಲಿಗೆ) ಬಂದು ತಟ್ಟುವವರು ಗೆಳೆಯರೊಬ್ಬರೇ ಅಲ್ಲ. ಸಾದಾ ಪಠ್ಯದ ಸಾಲು ಸಾಕು. ಬಂದ ಸಾಲನ್ನೂ ಕಣ್ಣುಮುಚ್ಚಿ ಒಪ್ಪಬೇಡಿ, ಆ ನಡೆ ನಿಯಮಬದ್ಧವೇ ಎಂದು ನಿಮ್ಮ ಕಡೆಯೂ ಪರೀಕ್ಷಿಸಿ. ಪೈಥಾನ್-ಚೆಸ್ ಲೈಬ್ರರಿ ಬಳಸಿದರೆ ಇದು ಒಂದೆರಡು ಸಾಲಿನ ಕೆಲಸ.

ಈಗ ಟಿಸಿಪಿಯ, ಅಂದರೆ ನಿಮ್ಮ ಸಾಕೆಟ್ ಸಂದೇಶ ಸಾಗಿಸಲು ಬಳಸುವ ವಿಧಾನದ, ಒಂದು ಗುಣ. ನೀವು ಎರಡು ಸಲ ಕಳಿಸಿದ್ದು ಆ ಕಡೆ ಎರಡು ಸಲವೇ ಬರುತ್ತದೆ ಎಂಬ ಖಾತರಿ ಇಲ್ಲ. ಕೊಳಾಯಿಯ ಈ ತುದಿಯಲ್ಲಿ ಎರಡು ಕೊಡ ನೀರು ಸುರಿದರೆ ಆ ತುದಿಯಲ್ಲಿ ಯಾವ ಕೊಡದ್ದು ಎಲ್ಲಿ ಮುಗಿಯಿತು ಎಂದು ತಿಳಿಯುವುದಿಲ್ಲವಲ್ಲ, ಹಾಗೆ. ಎರಡು ಸಂದೇಶ ಅಂಟಿಕೊಂಡು ಬರಬಹುದು, ಒಂದೇ ಸಂದೇಶ ಎರಡು ತುಂಡಾಗಿಯೂ ಬರಬಹುದು. ಮನೆಯ ವೈಫೈನಲ್ಲಿ ಇದು ಕಣ್ಣಿಗೆ ಬೀಳುವುದು ಅಪರೂಪ, ದೂರದ ಸಂಪರ್ಕದಲ್ಲಿ ಬೇಗ ಬೀಳುತ್ತದೆ. ಪ್ರತಿ ಸಂದೇಶದ ಕೊನೆಗೆ ಹೊಸ ಸಾಲಿನ ಗುರುತು ಹಾಕಿ. ಓದುವ ಕಡೆ ಆ ಗುರುತು ಸಿಗುವವರೆಗೂ ಬಂದದ್ದನ್ನು ಕೂಡಿಸಿಡುತ್ತಾ ಹೋಗಿ.

ಇನ್ನು ನಿಮ್ಮ ನಿಜವಾದ ತೊಡಕು. 192.168ರಿಂದ ಶುರುವಾಗುವ ವಿಳಾಸ ನಿಮ್ಮ ರೌಟರ್ ಮನೆಯೊಳಗೆ ಹಂಚಿದ್ದು. ಇದೂ, 10ರಿಂದ ಶುರುವಾಗುವವೂ, 172.16ರಿಂದ 172.31ರವರೆಗಿನವೂ ಖಾಸಗಿ ಬಳಕೆಗೆಂದೇ ಬಿಟ್ಟ ವಿಳಾಸಗಳು. ನಿಮ್ಮ ಗೆಳೆಯರ ಕಂಪ್ಯೂಟರ್ ಆ ವಿಳಾಸವನ್ನು ಅವರದೇ ಮನೆಯೊಳಗೆ ಹುಡುಕುತ್ತಿರುತ್ತದೆ. ಹೊರಗಿನಿಂದ ಕಾಣುವುದು ರೌಟರಿನ ಸಾರ್ವಜನಿಕ ವಿಳಾಸ. ಆದರೆ ಆ ವಿಳಾಸ ಕೊಟ್ಟರೂ ಸಾಲದು, ಯಾಕೆಂದರೆ ರೌಟರ್ ಕೆಲಸ ಮಾಡುವುದು ನ್ಯಾಟ್ ಪದ್ಧತಿಯಲ್ಲಿ. ಒಳಗಿನಿಂದ ಯಾರಾದರೂ ಹೊರಗೆ ಸಂಪರ್ಕ ಮಾಡಿದರೆ ಅದನ್ನು ತನ್ನ ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ, ಉತ್ತರ ಬಂದಾಗ ಆ ಸಾಲು ನೋಡಿ ಒಳಗೆ ಬಿಡುತ್ತದೆ. ಹೊರಗಿನವರು ತಾವಾಗಿಯೇ ಬಂದರೆ ಕೋಷ್ಟಕದಲ್ಲಿ ಸಾಲಿಲ್ಲ, ಯಾರಿಗೆ ಕೊಡಬೇಕೆಂದು ಅದಕ್ಕೆ ಗೊತ್ತಿಲ್ಲ, ಪ್ಯಾಕೆಟ್ ಅಲ್ಲಿಗೇ ಬಿದ್ದುಹೋಗುತ್ತದೆ. ನಿಮ್ಮ ಗೆಳೆಯರು ನೋಡಿದ ಟೈಮ್‌ಔಟ್‌ಗೆ ಕಾರಣ ಈ ಎರಡರಲ್ಲೇ ಇದೆ. ಇಬ್ಬರೂ ಇಂಥ ರೌಟರಿನ ಹಿಂದೆಯೇ ಇರುವುದರಿಂದ ‘ನಾನು ಸರ್ವರ್ ಆಗುವ ಬದಲು ನೀನು ಆಗು’ ಎಂದು ಅದಲುಬದಲು ಮಾಡಿದರೂ ಪ್ರಯೋಜನವಿಲ್ಲ.

ಹಳೆಯ ಉಪಾಯ ಪೋರ್ಟ್ ಫಾರ್ವರ್ಡಿಂಗ್: ಇಂಥ ಪೋರ್ಟಿಗೆ ಬಂದದ್ದನ್ನೆಲ್ಲ ಒಳಗಿನ ಇಂಥ ಕಂಪ್ಯೂಟರಿಗೆ ಕೊಡು ಎಂದು ರೌಟರಿನ ಸೆಟ್ಟಿಂಗ್‌ನಲ್ಲಿ ಹೇಳಿಡುವುದು. ಆಗ ನಿಮ್ಮ ಪ್ರೋಗ್ರಾಂ 127.0.0.1ರಲ್ಲಿ (ಅದೇ ಯಂತ್ರದೊಳಗಿನವರಿಗಷ್ಟೇ ಸಿಗುವ ವಿಳಾಸದಲ್ಲಿ) ಕಿವಿಗೊಟ್ಟು ಕೂತಿರಬಾರದು, 0.0.0.0ಗೆ (ಯಂತ್ರದ ಎಲ್ಲ ವಿಳಾಸಗಳಿಗೂ) ಬೈಂಡ್ ಆಗಿರಬೇಕು. ಯಂತ್ರದ ಫೈರ್‌ವಾಲ್‌ನಲ್ಲೂ ಆ ಪೋರ್ಟ್ ತೆರೆದಿರಬೇಕು. ಆದರೆ ಈಗೀಗ ಇದೂ ಕೈಕೊಡುತ್ತದೆ. ಇಂಥ ವಿಳಾಸಗಳ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ. ಅವು ಸಾಲದೆ ಅನೇಕ ಇಂಟರ್ನೆಟ್ ಕಂಪನಿಗಳು ತಮ್ಮ ಕಡೆಯೂ ಒಂದು ದೊಡ್ಡ ನ್ಯಾಟ್ ಇಟ್ಟು, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ನಿಮ್ಮದೂ ಹಾಗಿದೆಯೇ ಎಂದು ತಿಳಿಯುವುದು ಸುಲಭ. ರೌಟರಿನ ಪುಟದಲ್ಲಿ ತೋರಿಸುವ ಹೊರಗಿನ ವಿಳಾಸವನ್ನೂ, ‘ನನ್ನ ಐಪಿ ಯಾವುದು’ ಎಂದು ಹುಡುಕಿದಾಗ ಸಿಗುವ ವಿಳಾಸವನ್ನೂ ಹೋಲಿಸಿ ನೋಡಿ. ಎರಡೂ ಬೇರೆಯಾಗಿದ್ದರೆ, ಅದರಲ್ಲೂ ರೌಟರಿನದು 100.64ರಿಂದ 100.127ರ ನಡುವಿನದಾಗಿದ್ದರೆ, ನೀವು ಎರಡು ನ್ಯಾಟ್‌ಗಳ ಹಿಂದಿದ್ದೀರಿ. ಮೇಲಿನದು ನಿಮ್ಮ ಕೈಯಲ್ಲಿಲ್ಲ, ಪೋರ್ಟ್ ಫಾರ್ವರ್ಡಿಂಗ್ ಮರೆತುಬಿಡಿ.

ನನ್ನ ಸಲಹೆ: ನೇರ ಸಂಪರ್ಕದ ಹಟ ಬಿಟ್ಟು ನಡುವೆ ಒಂದು ಸಣ್ಣ ರಿಲೇ ಇಡಿ. ಸಾರ್ವಜನಿಕ ವಿಳಾಸವಿರುವ ಬಾಡಿಗೆಯ ಸರ್ವರ್ ಒಂದಿದ್ದರೆ ಸಾಕು, ಅತಿ ಚಿಕ್ಕದೂ ಈ ಕೆಲಸಕ್ಕೆ ಹೆಚ್ಚೇ. ನೀವಿಬ್ಬರೂ ಅದಕ್ಕೆ ಒಳಗಿನಿಂದ ಹೊರಕ್ಕೆ ಸಂಪರ್ಕ ಮಾಡುತ್ತೀರಿ, ಹಾಗಾಗಿ ಯಾವ ರೌಟರೂ ತಡೆಯುವುದಿಲ್ಲ. ರಿಲೇ ಮಾಡಬೇಕಾದದ್ದು ಇಷ್ಟೇ: ಕೋಣೆಯ ಗುಟ್ಟಿನ ಹೆಸರೊಂದನ್ನು ಕೇಳುವುದು, ಒಂದೇ ಹೆಸರು ಹೇಳಿದ ಇಬ್ಬರನ್ನು ಜೋಡಿಸುವುದು, ಒಬ್ಬರಿಂದ ಬಂದ ಸಾಲನ್ನು ಪಟ್ಟಿಗೆ ಸೇರಿಸಿ ಇನ್ನೊಬ್ಬರಿಗೆ ದಾಟಿಸುವುದು. ಚದುರಂಗದ ನಿಯಮ ಅದಕ್ಕೆ ಗೊತ್ತಿರಲೇಬೇಕೆಂದಿಲ್ಲ. ಸಾದಾ ಟಿಸಿಪಿಯ ಬದಲು ವೆಬ್‌ಸಾಕೆಟ್ (ವೆಬ್ ಸಂಪರ್ಕದ ಮೇಲೆಯೇ ಎರಡೂ ಕಡೆ ಸಂದೇಶ ಸಾಗಿಸುವ ವಿಧಾನ) ಬಳಸಿ, ಸುರಕ್ಷಿತ ವೆಬ್ ಪುಟಗಳು ಬಳಸುವ 443ನೇ ಪೋರ್ಟಿನಲ್ಲಿ ಕೂರಿಸಿದರೆ ಎರಡು ಲಾಭ. ಕಚೇರಿ, ಕಾಲೇಜುಗಳ ಬಿಗಿ ಫೈರ್‌ವಾಲ್‌ಗಳನ್ನೂ ಸಾಮಾನ್ಯವಾಗಿ ದಾಟುತ್ತದೆ. ಸಂದೇಶದ ಗಡಿಯನ್ನು ವೆಬ್‌ಸಾಕೆಟ್ಟೇ ಕಾಯುವುದರಿಂದ ಮೇಲೆ ಹೇಳಿದ ಅಂಟಿಕೊಳ್ಳುವ ತಾಪತ್ರಯವೂ ಇಲ್ಲ. ಮೂರನೆಯವರು ಆಟ ನೋಡಬೇಕೆಂದರೆ ಅದೇ ಸಾಲನ್ನು ಅವರಿಗೂ ದಾಟಿಸಿದರಾಯಿತು.

ಇದು ಹೊಸ ಜಾಣತನವೇನಲ್ಲ. 1992ರಲ್ಲಿ ಶುರುವಾದ ಇಂಟರ್ನೆಟ್ ಚೆಸ್ ಸರ್ವರ್ ನಡೆದದ್ದೇ ಹೀಗೆ. ಆಟಗಾರರು ಟೆಲ್ನೆಟ್ ಎಂಬ ಬರಿ ಅಕ್ಷರಗಳ ಸಂಪರ್ಕದಲ್ಲಿ ಸೇರಿ ಅಕ್ಷರಗಳಲ್ಲೇ ಬಿಡಿಸಿದ ಮಣೆಯ ಮುಂದೆ ಆಡುತ್ತಿದ್ದರು.

ಸರ್ವರ್ ಬಾಡಿಗೆ ಬೇಡ, ಆಡುವವರು ನಾವಿಬ್ಬರೇ ಎನ್ನುವುದಾದರೆ ಟೇಲ್‌ಸ್ಕೇಲ್ ಅಥವಾ ಝೀರೋಟಿಯರ್ ಎಂಬ ಖಾಸಗಿ ಜಾಲ ಕಟ್ಟುವ ತಂತ್ರಾಂಶ ಹಾಕಿಕೊಳ್ಳಿ. ಎರಡು ಯಂತ್ರಗಳೂ ಒಂದೇ ವೈಫೈನಲ್ಲಿದ್ದಂತೆ ಪರಸ್ಪರ ಕಾಣುತ್ತವೆ, ನಿಮ್ಮ ಈಗಿನ ಕೋಡ್ ವಿಳಾಸವೊಂದು ಬದಲಾಗಿ ಹಾಗೆಯೇ ಓಡುತ್ತದೆ. (ಟೇಲ್‌ಸ್ಕೇಲ್ ಕೊಡುವ ವಿಳಾಸವೂ 100ರಿಂದಲೇ ಶುರುವಾಗುತ್ತದೆ, ಮೇಲಿನ ಪರೀಕ್ಷೆಯ ಜೊತೆ ಕಲಸಿಕೊಳ್ಳಬೇಡಿ.) ಬ್ರೌಸರಿನಲ್ಲಿ ಆಡುವ ಹಾಗೆ ಬರೆಯುತ್ತೀರಾದರೆ ವೆಬ್‌ಆರ್‌ಟಿಸಿ ಇದೆ. ಎರಡೂ ಕಡೆಯವರು ಒಂದೇ ಹೊತ್ತಿಗೆ ಹೊರಕ್ಕೆ ಪ್ಯಾಕೆಟ್ ಕಳಿಸಿ, ಎರಡೂ ರೌಟರುಗಳ ಕೋಷ್ಟಕದಲ್ಲಿ ಸಾಲು ಮೂಡಿಸಿ, ಆ ಕಿಂಡಿಯಿಂದಲೇ ನೇರ ಮಾತಾಡುವ ತಂತ್ರ ಅದರದು. ಆದರೆ ಮೊದಲ ಪರಿಚಯಕ್ಕೆ ಒಂದು ಸರ್ವರ್ ಬೇಕೇ ಬೇಕು, ಕೆಲವು ಬಗೆಯ ನ್ಯಾಟ್‌ಗಳಲ್ಲಿ ಕಿಂಡಿ ಕೂಡಿಬರದೆ ಕೊನೆಗೆ ರಿಲೇಯನ್ನೇ ಹಿಡಿಯಬೇಕಾಗುತ್ತದೆ. ವೀಡಿಯೊ ಕರೆಗೆ ಆ ಶ್ರಮ ಸಾರ್ಥಕ. ನಿಮಿಷಕ್ಕೊಂದು ನಾಲ್ಕಕ್ಷರದ ಸಾಲಿಗೆ? ನನಗೆ ಹಾಗನ್ನಿಸುವುದಿಲ್ಲ.

ಆಡುವುದಷ್ಟೇ ಗುರಿಯಾಗಿದ್ದರೆ ಲಿಚೆಸ್ ಎಂಬ ಚದುರಂಗದ ತಾಣದಲ್ಲಿ ಗೆಳೆಯರಿಗೆ ಒಂದು ಲಿಂಕ್ ಕಳಿಸಿ, ಇದನ್ನೆಲ್ಲ ಓದುವ ಅಗತ್ಯವೇ ಇಲ್ಲ. ಅದು ಉಚಿತ, ಮೂಲ ಕೋಡ್ ಕೂಡ ಮುಕ್ತ. ನಿಮ್ಮದೇ ಮಣೆಯನ್ನು ಅದಕ್ಕೆ ಜೋಡಿಸಲು ಎಪಿಐಯನ್ನೂ ಕೊಟ್ಟಿದ್ದಾರೆ.

ಸಂಪರ್ಕ ಕೂಡಿದ ಮೇಲೂ ಚದುರಂಗಕ್ಕೆ ಅದರದೇ ಒಂದು ಕಾಟವಿದೆ: ಮೌನ. ಒಬ್ಬರು ಒಂದು ನಡೆಗೆ ಇಪ್ಪತ್ತು ನಿಮಿಷ ಯೋಚಿಸಬಹುದು. ಅಷ್ಟು ಹೊತ್ತು ಒಂದು ಬೈಟೂ ಹರಿಯದಿದ್ದರೆ ಕೆಲವು ರೌಟರುಗಳು ಆ ಸಂಪರ್ಕದ ಸಾಲನ್ನು ಅಳಿಸಿಬಿಡುತ್ತವೆ. ಎದುರಿನವರ ವೈಫೈ ಸತ್ತುಹೋದರೂ ನಿಮ್ಮ ಟಿಸಿಪಿಗೆ ಗೊತ್ತಾಗುವುದಿಲ್ಲ. ಲಿನಕ್ಸ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ (ಸಂಪರ್ಕ ಜೀವಂತವೇ ಎಂದು ವಿಚಾರಿಸುವ ಸೌಲಭ್ಯ) ಚಾಲೂ ಮಾಡಿದರೂ ಮೊದಲ ವಿಚಾರಣೆ ಹೋಗುವುದು 7200 ಸೆಕೆಂಡು, ಅಂದರೆ ಎರಡು ಗಂಟೆ ಕಳೆದ ಮೇಲೆ. ಹಾಗಾಗಿ ನೀವೇ ಇಪ್ಪತ್ತು ಸೆಕೆಂಡಿಗೊಮ್ಮೆ ‘ಇದ್ದೀರಾ’ ಎಂದು ಕೇಳುವ ಒಂದು ಪಿಂಗ್ ಸಾಲು ಕಳಿಸಿ. ಎರಡು ಮೂರು ಪಿಂಗ್‌ಗೆ ಉತ್ತರ ಬರದಿದ್ದರೆ ಸಂಪರ್ಕ ಮುರಿದು ಮತ್ತೆ ಜೋಡಿಸಿ.

ಮತ್ತೆ ಜೋಡಿಸಿದಾಗ ಆಟ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಬೇಕಾದರೆ ಪ್ರತಿ ನಡೆಗೂ ಕ್ರಮಸಂಖ್ಯೆ ಇರಲಿ: ‘ನಡೆ 3 ಜಿ1ಎಫ್3’. ಬೆಸ ಸಂಖ್ಯೆ ಬಿಳಿಯವರದು, ಸಮ ಸಂಖ್ಯೆ ಕಪ್ಪಿನವರದು. ಮರಳಿ ಬಂದವರು ‘ನನ್ನ ಬಳಿ 24ರವರೆಗೆ ಇದೆ’ ಎನ್ನಲಿ, ಆ ಕಡೆಯಿಂದ 25ರ ನಂತರದವು ಬರಲಿ. ಅದೇ ಸಂಖ್ಯೆಯ ನಡೆ ಎರಡನೇ ಸಲ ಬಂದರೆ ಸುಮ್ಮನೆ ಬಿಟ್ಟುಬಿಡಿ. ನಡೆಗಳ ಪಟ್ಟಿಯೇ ದಾಖಲೆ ಎಂದು ಮೊದಲೇ ನಿರ್ಧರಿಸಿಕೊಂಡದ್ದರ ಫಲ ಇಲ್ಲಿ ಸಿಗುತ್ತದೆ.

ಗಡಿಯಾರ ಇಟ್ಟು ಆಡುತ್ತೀರಾ? ಹಾಗಿದ್ದರೆ ‘ನಾನು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ನಡೆದೆ’ ಎಂದು ಕಳಿಸಬೇಡಿ. ಎರಡು ಯಂತ್ರಗಳ ಗಡಿಯಾರ ಒಂದೇ ಇರುವುದಿಲ್ಲ. ಎಷ್ಟು ಹೊತ್ತು ತೆಗೆದುಕೊಂಡೆ ಎಂಬುದನ್ನು ಕಳಿಸಿ, ಅದನ್ನೂ ಹಿಂದೆ ಸರಿಯದ ಮಾನೊಟಾನಿಕ್ ಗಡಿಯಾರದಿಂದ ಅಳೆಯಿರಿ. ಜಾಲದಲ್ಲಿ ಕಳೆದ ಸಮಯ ಆಗ ಯಾರ ಲೆಕ್ಕಕ್ಕೂ ಬೀಳುವುದಿಲ್ಲ. ಗೆಳೆಯರ ನಡುವೆ ಇದು ಧಾರಾಳ ಸಾಕು. ಅಪರಿಚಿತರೊಂದಿಗೆ ಆಡುವುದಾದರೆ ಸುಳ್ಳು ಸಮಯ ಕಳಿಸುವವರೂ ಸಿಗುತ್ತಾರೆ, ಆಗ ಗಡಿಯಾರ ಸರ್ವರಿನ ಬಳಿಯೇ ಇರಬೇಕು.

ನೀವು ಕೇಳದಿದ್ದರೂ ಮುಂದೆ ಕೇಳಲಿರುವುದು ಒಂದಿದೆ: ಎದುರಿನವರ ಸರದಿಯಲ್ಲಿ ವಿಂಡೋ ಹೆಪ್ಪುಗಟ್ಟಿ ನಿಲ್ಲುತ್ತದೆ. ಮಣೆ ಬಿಡಿಸುವ ಲೂಪಿನಲ್ಲೇ ಸಾಕೆಟ್ ಓದಲು ಕೂತರೆ ಹಾಗಾಗುತ್ತದೆ. ಓದುವುದನ್ನು ಬೇರೆ ಥ್ರೆಡ್ಡಿಗೆ (ಅದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಇನ್ನೊಂದು ಎಳೆಗೆ) ಕೊಟ್ಟು, ಬಂದ ಸಾಲುಗಳನ್ನು ಕ್ಯೂ ಒಂದರಲ್ಲಿ ಹಾಕಿಸಿ, ಮುಖ್ಯ ಲೂಪ್ ಬಿಡುವಾದಾಗೆಲ್ಲ ಅಲ್ಲಿಂದ ಎತ್ತಿಕೊಳ್ಳಲಿ. ಆ ಥ್ರೆಡ್ಡಿನಿಂದಲೇ ನೇರವಾಗಿ ಮಣೆ ಬಿಡಿಸಲು ಮಾತ್ರ ಹೋಗಬೇಡಿ.

ಎಲ್ಲ ಬರೆದಾದ ಮೇಲೆ ಗೆಳೆಯರನ್ನು ಕರೆಯುವ ಮೊದಲು, ಒಂದು ಲ್ಯಾಪ್‌ಟಾಪನ್ನು ಮನೆಯ ವೈಫೈಗೂ ಇನ್ನೊಂದನ್ನು ಮೊಬೈಲ್ ಹಾಟ್‌ಸ್ಪಾಟ್‌ಗೂ ಜೋಡಿಸಿ ನೀವೇ ಎರಡೂ ಕಡೆ ಆಡಿ. ಆಗ ಎರಡು ಬೇರೆ ಬೇರೆ ಜಾಲಗಳ ನಿಜವಾದ ಪರೀಕ್ಷೆಯಾಗುತ್ತದೆ. ಒಂದು ಕಡೆ ಕುದುರೆ ಎತ್ತಿಟ್ಟ ಕ್ಷಣವೇ ಹಾಟ್‌ಸ್ಪಾಟ್ ಆರಿಸಿ, ಒಂದು ನಿಮಿಷ ಬಿಟ್ಟು ಹಚ್ಚಿ. ಕುದುರೆ ಎರಡೂ ಮಣೆಗಳಲ್ಲಿ ಒಂದೇ ಚೌಕದಲ್ಲಿದ್ದರೆ ಗೆಳೆಯರಿಗೆ ಫೋನ್ ಮಾಡಬಹುದು. ಇಲ್ಲವಾದರೆ ಕ್ರಮಸಂಖ್ಯೆ ನೋಡಿಕೊಳ್ಳುವ ಭಾಗವನ್ನು ಮೊದಲು ತೆರೆದು ನೋಡಿ.